ಸೊಸೆಯ ಮೇಲೆ ಕೂತು ಮೇಷ್ಟ್ರನ್ನು ಆರಿಸಿದ್ದು

ಪಾಠ ಹೇಳಿಕೊಡುವ ವಿಡಿಯೋ ಎಂಬ ಪದಾರ್ಥವೊಂದು ಈ ಲೋಕದಲ್ಲಿದೆ ಎಂದು ನನಗೆ ಗೊತ್ತಾದ ದಿನ ನಾನು ನೀಲಿ ಗೀಟಿನ ಬೆಡ್‌ಶೀಟ್ ಮಡಿಸುತ್ತಿದ್ದೆ. ಇನ್ನೊಂದು ತುದಿ ಹಿಡಿಯಲು ಮನೆಯಲ್ಲಿ ಯಾರೂ ಇರಲಿಲ್ಲವಾಗಿ ಅದನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡಿದ್ದೆ. ಆಗ ಸೊಸೆ ಬಂದಳು. ಬಂದವಳು ಕೈಚೀಲ ಇಡಲಿಲ್ಲ, ನೀರು ಕುಡಿಯಲಿಲ್ಲ, ಸೋಫಾದಲ್ಲಿ ಕುಸಿದು, "ಅತ್ತೆ, ಇನ್ನೂ ಸಾಲದು ಅಂದ್ಬಿಟ್ರು" ಎಂದಳು.

ನಾನು ಬಾಯಿ ತೆರೆದೆ. ಬೆಡ್‌ಶೀಟ್ ನೆಲಕ್ಕೆ ಬಿತ್ತು.

ನನ್ನ ಸೊಸೆ ಶಾಲೆಯ ವ್ಯಾನ್ ಓಡಿಸುತ್ತಾಳೆ. ಆಳು ನನ್ನ ಭುಜದವರೆಗೆ ಬರುತ್ತಾಳೆ ಅಷ್ಟೆ. ಸೀಟಿನ ಮೇಲೆ ದಿಂಬು ಹಾಕಿಕೊಂಡರೇ ರಸ್ತೆ ಕಾಣುವುದು. ಆದರೆ ಕಿರಿದಾದ ಓಣಿಯಲ್ಲಿ ಅವಳು ಆ ವ್ಯಾನನ್ನು ಹಿಂದಕ್ಕೆ ತೆಗೆಯುವ ಚಂದ ನೋಡಬೇಕು, ಸೂಜಿಗೆ ದಾರ ಪೋಣಿಸಿದ ಹಾಗೆ. (ನನ್ನ ಮಗ ಸೈಕಲ್ಲನ್ನೇ ಗೇಟಿಗೆ ಗುದ್ದಿಸುತ್ತಾನೆ. ಹೆತ್ತವಳಾದ್ದರಿಂದ ಹೇಳುವ ಹಕ್ಕು ನನಗಿದೆ.) ಲೈಸೆನ್ಸ್ ಕೊಡುವ ದಿನ "ಪೆಡಲು ಕಾಲಿಗೆ ಸಿಗುತ್ತೇನಮ್ಮಾ?" ಎಂದು ನಕ್ಕಿದ್ದ ಆಫೀಸರನನ್ನು ಅವಳು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿ, ಅವನ ಕುರ್ಚಿಯ ಹತ್ತಿರಕ್ಕೇ ತಂದು ಇಳಿಸಿದ್ದಳು.

ಇಂಥವಳು ಹೋದ ವರ್ಷ ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ಕುಸ್ತಿಗೆ ಸೇರಿಕೊಂಡಳು. ಹೆಸರು ಕೇಳಿ ಗಾಬರಿಯಾಗಬೇಡಿ. ಅದರಲ್ಲಿ ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ನೆಲದ ಮೇಲೆ ಉರುಳಾಡುತ್ತಾ ಒಬ್ಬರನ್ನೊಬ್ಬರು ಗಂಟು ಹಾಕುವುದು. ತಾಳಲಾರದವರು ಮೆಲ್ಲಗೆ ತಟ್ಟಿದರೆ ಎದುರಾಳಿ ಆ ಕ್ಷಣವೇ ಬಿಟ್ಟುಬಿಡಬೇಕು. ಇಷ್ಟು ಸಭ್ಯವಾದ ಜಗಳವನ್ನು ನಾನು ಯಾವ ಸಂಸಾರದಲ್ಲೂ ಕಂಡಿಲ್ಲ. ಸೇರಿದವರಿಗೆಲ್ಲ ಮೊದಲು ಬಿಳಿ ಬೆಲ್ಟ್. ಮೂಲಪಾಠಗಳು ಕೈಗೆ ಹತ್ತಿದವರಿಗೆ ನೀಲಿ ಬೆಲ್ಟ್. ಆ ನೀಲಿಯ ಪರೀಕ್ಷೆಯಲ್ಲೇ ಅವಳಿಗೆ "ಇನ್ನೂ ಸಾಲದು" ಎಂದಿದ್ದರು.

"ಎಲ್ಲಾ ಬರುತ್ತೆ ಅತ್ತೆ. ಯಾರಾದ್ರೂ ಹೊಟ್ಟೆ ಮೇಲೆ ಕೂತುಬಿಟ್ರೆ ಮಾತ್ರ ತಲೆ ಖಾಲಿಯಾಗ್ಬಿಡುತ್ತೆ. ಸೀಲಿಂಗ್ ನೋಡ್ತಾ ಬಿದ್ಕೊಂಡಿರ್ತೀನಿ."

"ಅಂಗಾತ ಮಲಗಿದೋರು ಸೀಲಿಂಗ್ ನೋಡ್ದೆ ಇನ್ನೇನೇ ನೋಡ್ತಾರೆ?"

ಅವಳು ನಗಲಿಲ್ಲ. "ಶಾಲೆ ರಜಕ್ಕೆ ಮುಂಚೆ ಇನ್ನೊಂದು ಪರೀಕ್ಷೆ ಇದೆ. ಅದ್ರಲ್ಲೂ ಹೀಗೇ ಆದ್ರೆ ಕ್ಲಾಸಿನೋರು ಕೊಟ್ಟ ಆ ಬಿಳಿ ಬಟ್ಟೆ ಒಗೆದು, ಮಡಿಸಿ, ವಾಪಸ್ ಕೊಟ್ಟು ಬಂದ್ಬಿಡ್ತೀನಿ."

ಕೈಗೆ ತೆಗೆದುಕೊಂಡದ್ದನ್ನು ಅವಳು ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊದಲನೆಯ ಸಲ ಬಿಟ್ಟರೆ ಎರಡನೆಯದು ಸಲೀಸಾಗುತ್ತದೆ. ಅದು ನನಗೆ ಬೇಡವಾಗಿತ್ತು.

ವಾರದಲ್ಲಿ ಎರಡು ಸಂಜೆ ಮಾತ್ರ ಅವಳಿಗೆ ಕ್ಲಾಸು. ಉಳಿದದ್ದನ್ನು ವಿಡಿಯೋ ನೋಡಿ ಮನೆಯಲ್ಲಿ ಅಭ್ಯಾಸ ಮಾಡಬೇಕಂತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ನನ್ನ ಮಗ, ಹೆಂಡತಿಯ ಮೇಲಿನ ಪ್ರೀತಿಗೆ, ಸಿಕ್ಕಿದ ವಿಡಿಯೋವನ್ನೆಲ್ಲ ಟೀವಿಗೆ ತುಂಬಿಸಿದ. ಅದೇನು ಒಂದೇ ಎರಡೇ! ಹೊಟ್ಟೆಯ ಮೇಲೆ ಕೂತವರನ್ನು ಉರುಳಿಸುವುದು ಹೇಗೆಂದು ಹೇಳಿಕೊಡಲು ಇಡೀ ಭೂಮಂಡಲವೇ ತುದಿಗಾಲಲ್ಲಿ ನಿಂತಿತ್ತು. ಒಬ್ಬ ಎಡಕ್ಕೆ ಹೊರಳು ಎನ್ನುತ್ತಾನೆ, ಇನ್ನೊಬ್ಬ ಬಲಕ್ಕೆ, ಮತ್ತೊಬ್ಬ ಮೊದಲು ಉಸಿರಾಡು ಎನ್ನುತ್ತಾನೆ.

"ಅತ್ತೆ, ನೀವೇ ನೋಡಿ ಒಳ್ಳೇದನ್ನ ಆರಿಸಿ ಕೊಡಿ" ಎಂದಳು ಸೊಸೆ.

"ನನಗೆ ಅವರ ಭಾಷೆ ಬರಲ್ವಲ್ಲೇ! ನಾನು ಓದಿದ್ದೇ ಮೂರನೇ ಕ್ಲಾಸು."

"ಅದಕ್ಕೇ ಹೇಳಿದ್ದು. ನೀವು ಮಾತಿಗೆ ಮರುಳಾಗಲ್ಲ."

ಹೀಗೆ ನಾನು ಆಯ್ಕೆ ಸಮಿತಿಯ ಅಧ್ಯಕ್ಷೆಯೂ, ಕಾರ್ಯದರ್ಶಿಯೂ, ಸಮಸ್ತ ಸದಸ್ಯವೃಂದವೂ ಆದೆ. ಸೊಸೆ ಬೆಳಗಿನ ಟ್ರಿಪ್ಪಿಗೆ ಹೋದ ಕೂಡಲೇ ಚಹಾ ಲೋಟದೊಂದಿಗೆ ಟೀವಿಯ ಮುಂದೆ ಅಧಿವೇಶನ ಶುರು. ಒಬ್ಬ ಮೇಷ್ಟ್ರು ಮಾತಿಗೆ ಕೂತರೆ ನಾನು ಆಲೂಗೆಡ್ಡೆ ಬೇಯಲಿಟ್ಟು, ಇಳಿಸಿ, ಸಿಪ್ಪೆ ಸುಲಿದು ಬಂದರೂ ಇನ್ನೂ ಪೀಠಿಕೆಯಲ್ಲೇ ಇರುತ್ತಿದ್ದ. ಇನ್ನೊಬ್ಬನದು ಮಿಂಚಿನ ವೇಗ. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎದುರಾಳಿ ಗೋಡೆಯ ಹತ್ತಿರ ಬಿದ್ದಿದ್ದ. ನಮ್ಮ ಯಜಮಾನರು (ಹೋಗಿಬಿಟ್ಟರು, ಪುಣ್ಯಾತ್ಮರು) ನನಗೆ ಸೈಕಲ್ ಕಲಿಸಿದ್ದು ಹೀಗೆಯೇ: "ಹತ್ತು, ತುಳಿ, ಬೀಳಬೇಡ." ನಾನು ಮೂರನೆಯದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದೆ.

ಕೊನೆಗೆ ನನ್ನ ಮನಸ್ಸಿಗೆ ಬಂದವನು ಒಬ್ಬ ಸುಂದರಾಂಗ. ಎತ್ತರದ ಆಳು, ಗುಂಗುರು ಕೂದಲು, ನಕ್ಕರೆ ಟೀವಿಯೇ ಬೆಳ್ಳಗಾಗುವಂಥ ಹಲ್ಲು. ಯಾರನ್ನು ಬೇಕಾದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಉರುಳಿಸಬಹುದು ಎಂದು ಮೇಲೆ ಬರೆದಿದೆಯೆಂದು ಮಗ ಓದಿ ಹೇಳಿದ. ಒಂದು ಭಾನುವಾರ ಹಾಲಿನಲ್ಲಿ ಹಾಸಿಗೆ ಹಾಸಿದೆವು. ಸೊಸೆ ಮಲಗಿದಳು, ಮಗ ಅವಳ ಹೊಟ್ಟೆಯ ಮೇಲೆ ಕೂತ. ಅವಳು ಒಂದು ಸಲ ಉಸಿರೆಳೆದುಕೊಂಡಳು. ಅವನು ದೊಪ್ಪನೆ ಬಿದ್ದ.

"ನಾನಿನ್ನೂ ಏನೂ ಮಾಡೇ ಇಲ್ಲ!"

"ನಿನಗೆ ನೋವಾಗುತ್ತೇನೋ ಅಂತ..."

"ನೋವಾಗ್ಲಿ ಅಂತಾನೇ ಕೂರಿಸಿದ್ದು ರೀ!"

ಆಗ ನನಗೆ ಫಕ್ಕನೆ ಹೊಳೆಯಿತು. ಸುಂದರಾಂಗನ ಮೇಲೆ ಕೂತಿದ್ದವನೂ ನನ್ನ ಮಗನೂ ಒಂದೇ ಅಚ್ಚು! ಮತ್ತೆ ವಿಡಿಯೋ ಹಾಕಿಸಿ ನೋಡಿದೆ. ಹೌದು, ಆ ಪುಣ್ಯಾತ್ಮ ತಳ್ಳುವುದಕ್ಕೆ ಮುಂಚೆಯೇ ಬೀಳಲು ಜಾಗ ನೋಡಿಕೊಂಡಿದ್ದ. ಇಂಥ ವಿಡಿಯೋ ನೋಡಿ ಕಲಿತರೆ ಪರೀಕ್ಷೆಯಲ್ಲಿ ಸೀಲಿಂಗೇ ಗತಿ.

"ಏಳೋ ಈಚೆಗೆ. ನಾನು ಕೂರ್ತೀನಿ" ಎಂದೆ.

ನನ್ನ ಗಾತ್ರದ ವಿಷಯ ಒಂದು ಮಾತು ಹೇಳಬೇಕು. ಡಾಕ್ಟರ ಹತ್ತಿರದ ತೂಕದ ಯಂತ್ರ ನನ್ನನ್ನು ಕಂಡರೆ ಮೊದಲು ನರಳುತ್ತದೆ, ಆಮೇಲೆ ಮುಳ್ಳು ತೋರಿಸುತ್ತದೆ.

"ಅಮ್ಮಾ, ಅವಳು ಬದುಕಬೇಕಮ್ಮಾ" ಎಂದ ಮಗ.

"ಕೂರಲಿ ಬಿಡ್ರೀ" ಎಂದಳು ಸೊಸೆ. ಆ ಧೈರ್ಯಕ್ಕೇ ಅವಳಿಗೊಂದು ಬೆಲ್ಟ್ ಕೊಡಬಹುದಿತ್ತು.

ಮಗನ ಹಳೆಯ ಪೈಜಾಮ ತೊಟ್ಟೆ, ಮಂಡಿಗಳ ಕೆಳಗೆ ಮೆತ್ತನೆಯ ದಿಂಬು ಇಟ್ಟುಕೊಂಡೆ, ವಿರಾಜಮಾನಳಾದೆ. ಸೊಸೆ ಸುಂದರಾಂಗ ಹೇಳಿದ್ದನ್ನೆಲ್ಲ ಮಾಡಿದಳು. ನಾನು ಕಿಟಕಿಯ ಆಚೆಗಿನ ಮರ ನೋಡುತ್ತಾ ಕೂತಿದ್ದೆ.

"ಅತ್ತೆ, ನೀವು ಸ್ವಲ್ಪ ಮುಂದಕ್ಕೆ ಬಾಗಬೇಕಂತೆ."

"ನಾನ್ಯಾಕೆ ಬಾಗ್ಲಿ? ಪರೀಕ್ಷೇಲಿ ನಿನ್ನ ಮೇಲೆ ಕೂತೋನು ಕೇಳಿದ್ ತಕ್ಷಣ ಬಾಗ್ತಾನಾ?"

ಸುಂದರಾಂಗ ಅಲ್ಲಿಗೆ ಸೋತ. ಅಂದಿನಿಂದ ದಿನಾ ಮಧ್ಯಾಹ್ನ, ಅವಳ ಎರಡು ಟ್ರಿಪ್ಪುಗಳ ನಡುವೆ, ಒಬ್ಬೊಬ್ಬ ಮೇಷ್ಟ್ರೂ ನನ್ನ ಕೆಳಗೆ ಪರೀಕ್ಷೆಗೆ ಬಂದರು. ಉಸಿರಾಟದವನು ಹೋದ. ಮಿಂಚಿನವನು ಹೋದ. ಆಲೂಗೆಡ್ಡೆಯವನು ಪೀಠಿಕೆ ಮುಗಿಸುವ ಮೊದಲೇ ಹೋದ. ಜಗದ್ವಿಖ್ಯಾತ ವೀರರನ್ನೆಲ್ಲ ನಾನು ಕೂತಲ್ಲಿಂದಲೇ ಮಣ್ಣುಮುಕ್ಕಿಸಿದೆ. ಪ್ರತಿಸಲವೂ ಸೊಸೆ ಬೆವರು ಒರೆಸಿಕೊಂಡು, "ಮುಂದಿಂದು ಹಾಕಿ ಅತ್ತೆ" ಎನ್ನುತ್ತಿದ್ದಳು. ಕೆಳಗೆ ಬಿದ್ದವರ ಮುಖವನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಅತ್ತೆಯರಿಗೆ ಸಿಗುವುದು ಕಡಿಮೆ. ನಾನು ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಬರೀ ಲೆಕ್ಕಾಚಾರವಿತ್ತು, ಓಣಿಯಲ್ಲಿ ವ್ಯಾನ್ ತಿರುಗಿಸುವಾಗಿನ ಹಾಗೆ.

ಈ ಘನಕಾರ್ಯ ನಡೆಯುತ್ತಿದ್ದಾಗಲೇ ಒಂದು ದಿನ ಮೇಲ್ಮನೆಯಾಕೆ ನಮ್ಮ ಜರಡಿ ವಾಪಸ್ ಕೊಡಲು ಬಂದವರು ಬಾಗಿಲು ತಳ್ಳಿದರು. ಕಂಡದ್ದೇನು? ಪೈಜಾಮ ತೊಟ್ಟ ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಕೂತು, "ಏಳು ನೋಡೋಣ! ಏಳೇ, ನೋಡೇಬಿಡ್ತೀನಿ!" ಎಂದು ಗರ್ಜಿಸುತ್ತಿದ್ದಾಳೆ. ಜರಡಿ ಬಿತ್ತು.

"ಅಯ್ಯಯ್ಯೋ! ಬಿಡ್ರೀ ಆ ಮಗೂನ! ನಿಮಗೇನು ಮನುಷ್ಯತ್ವ ಇಲ್ವಾ?"

ನಾನು ಗಾಬರಿಯಿಂದ ಏಳಲು ಹೋದೆ. ಕೆಳಗಿನಿಂದ ಸೊಸೆ, "ಏಳಬೇಡಿ ಅತ್ತೆ! ಈಗಷ್ಟೇ ಸರಿಯಾಗಿ ಸಿಕ್ಕಿದೆ. ಆಂಟಿ, ಒಂದ್ನಿಮಿಷ ಇರಿ!" ಎಂದು ಏದುಸಿರಿನಲ್ಲೇ ಕೂಗಿದಳು.

ಮೇಲ್ಮನೆಯಾಕೆ ಒಂದು ನಿಮಿಷ ಇರಲಿಲ್ಲ. ನನ್ನ ಮಗನಿಗೆ ಫೋನ್ ಮಾಡಿ, "ನಿಮ್ಮಮ್ಮ ನಿಮ್ಮ ಹೆಂಡತೀನ ಹಾಲಲ್ಲಿ ಹಾಕ್ಕೊಂಡು ಕೊಲ್ತಿದ್ದಾರೆ, ಆ ಹುಡುಗಿ ನೋಡಿದ್ರೆ ಇನ್ನೂ ಕೊಲ್ಲಿ ಅಂತಿದೆ" ಎಂದರು. ಅವನು ಓಡಿ ಬಂದ, ಒಂದು ಕೈಯಲ್ಲಿ ಯಾರದೋ ಒಂಟಿ ಗಾಜಿನ ಕನ್ನಡಕ. ವಿಷಯ ತಿಳಿಸಿ, ವಿಡಿಯೋ ತೋರಿಸಿ, ಚಹಾ ಕುಡಿಸಿದ ಮೇಲೂ ಮೇಲ್ಮನೆಯಾಕೆ ಮೆಟ್ಟಿಲು ಹತ್ತುತ್ತಾ, "ಏನೇ ಆಗ್ಲಿ, ಕೂರೋದು ಇವರೇ ಅಲ್ವಾ" ಎಂದದ್ದು ನನ್ನ ಕಿವಿಗೆ ಬಿತ್ತು. ಮೂರು ಬೀದಿಗೂ ಬಿತ್ತು.

ಅಷ್ಟರಲ್ಲಿ ರಜ ಹತ್ತಿರ ಬಂತು. ಸೊಸೆ ಮಾತು ಕಡಿಮೆ ಮಾಡಿದಳು. ಒಂದು ದಿನ ಆ ಬಿಳಿ ಬಟ್ಟೆಯನ್ನು ಬಿಸಿಲಿನಲ್ಲಿ ಹಿಡಿದು, ಕಲೆ ಇದೆಯೇ ಎಂದು ತಿರುಗಿಸಿ ನೋಡುತ್ತಿದ್ದಳು. ವಾಪಸ್ ಕೊಡುವ ಬಟ್ಟೆಯನ್ನು ನೋಡುವ ಹಾಗೆ. ನಾನು ಒಳಗೆ ಬಂದು ಮತ್ತೆ ಟೀವಿ ಹಾಕಿದೆ.

ಪಟ್ಟಿಯ ತೀರಾ ಕೆಳಗೆ ಒಬ್ಬ ಬೋಳುತಲೆಯವನಿದ್ದ. ಕುಳ್ಳ, ತುಸು ಹೊಟ್ಟೆ, ಮಾಸಿದ ಬಟ್ಟೆ, ಹಿಂದೆ ಬಣ್ಣ ಕಿತ್ತ ಗೋಡೆ. ಮುಖ ನೋಡಿಯೇ ನಾನು ಅವನನ್ನು ಮೊದಲ ದಿನ ದಾಟಿಸಿಬಿಟ್ಟಿದ್ದೆ. ಅವನು ತನಗಿಂತ ದುಪ್ಪಟ್ಟು ದಪ್ಪಗಿದ್ದವನನ್ನು ಮೇಲೆ ಕೂರಿಸಿಕೊಂಡ. ಸೊಂಟ ಎತ್ತಿದ. ಮೇಲಿದ್ದವನು ಕೈ ಊರಿಕೊಂಡ, ಬೀಳಲಿಲ್ಲ! ಬೋಳುತಲೆ ನಕ್ಕ. ಈ ಸಲ ಆ ಕೈಯನ್ನು ಮೊದಲು ಹಿಡಿದು ಎದೆಗೆ ಅವಚಿಕೊಂಡು ಎತ್ತಿದ. ಮೇಲಿದ್ದವನು ಕಾಲು ಊರಿಕೊಂಡ, ಆಗಲೂ ಬೀಳಲಿಲ್ಲ! ಬೋಳುತಲೆ ಇನ್ನೂ ನಕ್ಕ. ನನ್ನ ಮೈ ಜುಮ್ಮೆಂದಿತು. ಅಷ್ಟು ದಿನವೂ ನಾನು ಸೊಸೆಯ ಮೇಲೆ ಕೂತು ಮಾಡುತ್ತಿದ್ದದ್ದು ಇದನ್ನೇ, ಕೈ ಊರು, ಆಗದಿದ್ದರೆ ಕಾಲು ಊರು. ಉಳಿದ ಮೇಷ್ಟ್ರುಗಳೆಲ್ಲ ಗೆದ್ದು ತೋರಿಸಿದ್ದರು. ಇವನೊಬ್ಬ ಹೇಗೆಲ್ಲ ಸೋಲಬಹುದು ಎಂದು ಮೊದಲು ತೋರಿಸಿದ. ಇವನು ಖಂಡಿತ ಯಾರೋ ಅತ್ತೆಯ ಕೆಳಗೆ ಬಿದ್ದು ಎದ್ದವನೇ. ಆಮೇಲೆ ಕೈ ಹಿಡಿದ ಕಡೆಯ ಕಾಲಿಗೇ ತನ್ನ ಕಾಲು ಅಡ್ಡ ಹಾಕಿ, ಸೊಂಟ ಎತ್ತಿ, ಭುಜದ ಮೇಲಿಂದ ಹೊರಳಿದ. ಆನೆಯಂಥವನು ಮಗುಚಿಕೊಂಡ.

"ಬಾರೇ ಇಲ್ಲಿ! ಬಟ್ಟೆ ಆಮೇಲೆ ನೋಡ್ಕೊ!"

ಸೊಸೆ ಮಲಗಿದಳು. ನಾನು ಕೂತೆ. ಅವಳು ನನ್ನ ಕೈ ಹಿಡಿದಳು, ಕಾಲು ಕಟ್ಟಿದಳು. ಆಮೇಲೆ ಭೂಮಿ ಓರೆಯಾಯಿತು. ಕಿಟಕಿಯ ಮರ ತಲೆಕೆಳಗಾಯಿತು. ನಾನು ಹಾಸಿಗೆಯ ಮೇಲೆ ಅಂಗಾತ ಬಿದ್ದು ಸೀಲಿಂಗ್ ನೋಡುತ್ತಿದ್ದೆ. ನನ್ನ ಆಯುಸ್ಸಿನಲ್ಲಿ ಅಷ್ಟು ಸಂತೋಷದಿಂದ ನಾನು ಬಿದ್ದೇ ಇಲ್ಲ.

"ಅತ್ತೆ! ಪೆಟ್ಟಾಯ್ತಾ?"

"ಮಾತು ಬೇಡ. ಇನ್ನೊಂದ್ಸಲ" ಎಂದೆ.

ಪರೀಕ್ಷೆಗೆ ನಾನೂ ಹೋದೆ. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಕೋಚು ಅವಳ ಮೇಲೆ ಕೂರಿಸಿದ್ದು ಫ್ರಿಜ್ ರಿಪೇರಿಯವನೊಬ್ಬನನ್ನು. ಅವನು ಇದ್ದದ್ದೂ ಫ್ರಿಜ್ಜಿನಂತೆಯೇ, ದೊಡ್ಡ ಸೈಜಿನದು. ಅವಳು ಅವನ ಕೆಳಗೆ ಕಾಣಿಸದೇ ಹೋದಳು. ಸ್ವಲ್ಪ ಹೊತ್ತು ಏನೂ ಅಲುಗಲಿಲ್ಲ. ಅವಳ ಕಣ್ಣು ಸೀಲಿಂಗಿಗೆ ಹೋದದ್ದನ್ನು ನಾನು ಕಂಡೆ. ತಟ್ಟನೆ ಎದ್ದು ನಿಂತು, "ಕೈ ಆಯ್ತು ಕಣೇ, ಕಾಲು! ಕಾಲು!" ಎಂದು ಕೂಗಿಬಿಟ್ಟೆ.

"ಅಜ್ಜೀ, ಕೂತ್ಕೊಳ್ಳಿ" ಎಂದ ಕೋಚು.

"ಕೂತೂ ಕೂತೂ ಸಾಕಾಗಿದೆಯಪ್ಪಾ!" ಎಂದೆ ನಾನು.

ನಕ್ಕಳೋ ಏನೋ, ಕೆಳಗಿನಿಂದ ಒಂದು ಸಣ್ಣ ಸದ್ದು ಬಂತು. ಮರುಕ್ಷಣ ಫ್ರಿಜ್ಜು ಓರೆಯಾಗಿ, ತೂಗಾಡಿ, ಧಡಾರನೆ ಮಗುಚಿತು. ಅದರ ಮೇಲೆ ನನ್ನ ಭುಜದೆತ್ತರದ ಸೊಸೆ ಕೂತಿದ್ದಳು, ದಿಂಬಿಲ್ಲದೆ.

ಕೋಚು ಅವಳ ಸೊಂಟಕ್ಕೆ ನೀಲಿ ಬೆಲ್ಟ್ ಕಟ್ಟಿದ. "ಹೋದ ಸಲ ಹೆದರಿದ್ರಲ್ಲ, ಈ ಸಲ ಏನಾಯ್ತು?" ಎಂದು ಕೇಳಿದ. ಸೊಸೆ ನನ್ನ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇವರು ನಮ್ಮತ್ತೆ. ಇವರ ಮುಂದೆ ಈ ಅಣ್ಣ ಕೂತಿದ್ದು ಹತ್ತಿ ಮೂಟೆ ಕೂತ ಹಾಗಿತ್ತು ಸಾರ್." ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಹೊಗಳಿಕೆಯೋ ಏನೋ ನನಗೆ ಇನ್ನೂ ಗೊತ್ತಾಗಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಮರುದಿನ ಮಧ್ಯಾಹ್ನ ಅವಳು ಮತ್ತೆ ಹಾಲಿನಲ್ಲಿ ಹಾಸಿಗೆ ಹಾಸಿದಳು. ಬೋಳುತಲೆಯ ಮೇಷ್ಟ್ರು ನೀಲಿ ಬೆಲ್ಟಿನವರಿಗೂ ಪಾಠ ಮಾಡಿದ್ದಾನಂತೆ, ಬೇರೆಯವರೂ ಮಾಡಿದ್ದಾರಂತೆ. ಯಾವುದು ಸರಿ ಎಂದು ನಾನೇ ಆರಿಸಬೇಕಂತೆ. ನಾನು ಬಿಗುಮಾನದಿಂದ ನನ್ನ ಷರತ್ತುಗಳನ್ನು ಮುಂದಿಟ್ಟೆ: ಬಾಗಿಲಿಗೆ ಚಿಲಕ ಹಾಕಬೇಕು, ಮಂಡಿಗೆ ದಪ್ಪ ದಿಂಬು ಬೇಕು, ಅಧ್ಯಕ್ಷರಿಗೆ ನಡುವೆ ಚಹಾ ಆಗಬೇಕು. ಅವಳು ಎಲ್ಲದಕ್ಕೂ "ಆಯ್ತು ಅತ್ತೆ" ಎಂದಳು. ಚಿಲಕ ಹಾಕಿ ಬಂದಳು. ನಾನು ಪೈಜಾಮದ ಲಾಡಿ ಬಿಗಿದು ತಯಾರಾಗಿ ನಿಂತೆ. ಅವಳು ಮಾತ್ರ ಮಲಗುವ ಲಕ್ಷಣವೇ ಕಾಣಲಿಲ್ಲ.

"ಏನೇ, ಮಲಗಲ್ವಾ?"

"ಈ ಪಾಠ ಬೇರೆ ಅತ್ತೆ. ಕೆಳಗಿರೋರು ಏನು ಮಾಡಿದ್ರೂ ಏಳದ ಹಾಗೆ ಮೇಲೆ ಕೂರೋದು ಹೇಗೆ ಅಂತ" ಎಂದು, ಟೀವಿಯ ಶಬ್ದ ಸಣ್ಣಗೆ ಮಾಡಿ, ತುಂಬ ಮರ್ಯಾದೆಯಿಂದ ಕೈ ಚಾಚಿದಳು. "ಕನ್ನಡಕ ಇಲ್ಲಿ ಕೊಟ್ಟು, ಹಾಗೇ ಅಂಗಾತ ಮಲಗ್ತೀರಾ?"