ಕಳಚದ ಚಕ್ರ

ಹೊಸ ಸಿಲಿಂಡರನ್ನು ಒಳಗೆಳೆಯಲೆಂದು ಪುಂಡಲೀಕ ಮಂಚದ ಕೆಳಗಿದ್ದ ಟ್ರಾಲಿಯನ್ನು ಜಗ್ಗಿದ. ಒಂದು ಚಕ್ರ ಮಾತ್ರ ಕೈಗೆ ಬಂತು, ಟ್ರಾಲಿ ಅಲ್ಲೇ ಉಳಿಯಿತು.

ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಅವನು ಎಂಜಿನಿಯರ್. "ಮನ್ಯಾಗಿನ ನಳಾ ರಿಪೇರಿ ಮಾಡಾಕ ಬರಂಗಿಲ್ಲ, ಫ್ಯಾಕ್ಟರಿ ಹೆಂಗ ನಡಸ್ತಾರೋ!" ಎಂದು ಹೆಂಡತಿ ಮಂಗಳಾಗೌರಿ ಧಾರವಾಡದ ನೆಂಟರೆದುರೆಲ್ಲ ಆಡಿಕೊಳ್ಳುತ್ತಿದ್ದಳು. ವಿಜಯವಾಡದ ತಂಗಿಯ ಮನೆಗೆ ಹೋದವಳು ಸಂಜೆಯ ರೈಲಿಗೆ ಬರುವವಳಿದ್ದಳು. ಅಷ್ಟರೊಳಗೆ ಚಕ್ರ ಕೂರಿಸಿ ಅವಳ ಬಾಯಿ ಮುಚ್ಚಿಸಬೇಕು!

ಸುದ್ದಿ ತಿಳಿದದ್ದೇ ಪಕ್ಕದ ಮನೆಯ ಸೂರ್ಯಪ್ರಕಾಶ ಓಡಿ ಬಂದರು. ಬಳ್ಳಾರಿಯವರು, ಇಲ್ಲಿಗೆ ಬಂದು ಅರ್ಧ ತೆಲುಗರಾಗಿದ್ದರು.

"ಚಕ್ರ ಜಾರದ ಹಾಗೆ ಸರ್ಕ್ಲಿಪ್ ಬಳೆ ಹಾಕ್ಬಿಡಿ ಪುಂಡಲೀಕಗಾರು!"

"ಅದು ಕೂಡ್ರಾಕ ಅಚ್ಚಿನ್ಯಾಗ ಕಚ್ಚು ಬೇಕ್ರೀ. ಇದು ನುಣ್ಣಗೈತಿ."

ಆದರೂ ಸೂರ್ಯಪ್ರಕಾಶ ಒಂದನ್ನು ಹಾಕಿಯೇ ನೋಡಿದರು. ಅದು ಮಿಡತೆಯಂತೆ ಚಿಮ್ಮಿ, ಮೇಲಿನ ಮನೆಯ ಹೈಮಾವತಿ ತಂದಿದ್ದ ಪೆಸರಟ್ಟಿನ ಚಟ್ನಿಗೆ ಬಿತ್ತು.

"ಪರವಾಲೇದು, ಟ್ರಾಲಿ ಸರಿಯಾದ್ರೆ ಸಾಕು," ಎಂದರು ಆಕೆ.

ಕಚ್ಚಿಲ್ಲದ ಅಚ್ಚನ್ನು ತಾನೇ ಹಲ್ಲೂರಿ ಹಿಡಿಯುವ ಸೆಲ್ಫ್ ಲಾಕಿಂಗ್ ರಿಂಗೇ ಇದಕ್ಕೆ ಮದ್ದೆಂದು ಪುಂಡಲೀಕ ಅಂಗಡಿಗೆ ಓಡಿದ. ಅವಸರದಲ್ಲಿ ತಂದ ರಿಂಗಿಗೆ ಹಲ್ಲುಗಳು ಹೊರಗಡೆ ಇದ್ದವು. ಅದು ತೂತಿನೊಳಗೆ ಕೂರಿಸುವಂಥದು! ಮಗುವಿನ ಕೈಗೆ ಅಜ್ಜಿಯ ಬಳೆ ತೊಡಿಸಿದಂತೆ ಅಚ್ಚಿನ ಮೇಲೆ ಜೋತಾಡಿತು. ಮತ್ತೆ ಓಡಿ, ಅಚ್ಚಿನ ಅಳತೆ ಹೇಳಿ, ಒಳಹಲ್ಲಿನವು ಎರಡು ತಂದ. ಒಂದನ್ನು ಅಚ್ಚಿಗೆ ತೊಡಿಸಿ, ಪೈಪಿನ ತುಂಡಿಟ್ಟು ಬಡಿದ. ಗಟ್ಟಿಯಾಗಿ ಕೂತಿತು. ಅಷ್ಟರಲ್ಲಿ ನೆರೆದಿದ್ದ ಬಿಲ್ಡಿಂಗಿನವರೆಲ್ಲ ಚಪ್ಪಾಳೆ ತಟ್ಟಿದರು, ಹೈಮಾವತಿಯೊಬ್ಬರನ್ನು ಬಿಟ್ಟು. ಚಕ್ರ ಇನ್ನೂ ಅವರ ಕೈಯಲ್ಲೇ ಇತ್ತು.

ಎಳೆದಷ್ಟೂ ರಿಂಗಿನ ಹಲ್ಲು ಕಚ್ಚಿ ಹಿಡಿಯಿತು. ಕೊನೆಗೆ ಸೂರ್ಯಪ್ರಕಾಶರ ಕಟಿಂಗ್ ಪ್ಲೇಯರಿನಿಂದ ಅದನ್ನು ಕತ್ತರಿಸಿ ತೆಗೆದು, ಮೊದಲು ಚಕ್ರ ಹಾಕಿ, ಇನ್ನೊಂದು ರಿಂಗು ಬಡಿದ. ಚಕ್ರ ಬುಗುರಿಯಂತೆ ತಿರುಗಿತು.

ಮಂಗಳಾಗೌರಿ ಒಳಗೆ ಕಾಲಿಡುತ್ತಲೇ ಪುಂಡಲೀಕ ಎದೆಯುಬ್ಬಿಸಿದ. "ನೋಡಿಲ್ಲಿ! ಇನ್ನ ಆನಿ ಜಗ್ಗಿದ್ರೂ ಈ ಚಕ್ರ ಬಿಚ್ಚಂಗಿಲ್ಲ."

ಅವಳ ಕೈಯಿಂದ ಚೀಲ ಜಾರಿತು. "ಅಯ್ಯ, ರಿಪೇರಿ ಮಾಡಂತ ಯಾರ್ ಹೇಳಿದ್ರು ನಿಮಗ? ಬಿಲ್ಡಿಂಗಿನ ಮಂದಿಯೆಲ್ಲ ಟ್ರಾಲಿ ಕೇಳ್ಕೊಂಡು ಬಂದು, ಎಳಿಯಾಕ ನಿಮ್ಮನ್ನೂ ಕರ್ಕೊಂಡು ಹೊಕ್ಕಾರ. ನಿಮ್ಮ ಸೊಂಟ ಉಳೀಲಿ ಅಂತ ನಾನ ಆ ಚಕ್ರ ಕಳಚಿಟ್ಟಿದ್ದೆ! ಬಿಚ್ರಿ ಲಗೂನ!"

"ಕಟಿಂಗ್ ಪ್ಲೇಯರ್ ಬೇಕು."

"ತರ್ರಿ ಮತ್ತ!"

"ಸೂರ್ಯಪ್ರಕಾಶ ಅವರು ಒಯ್ದಾರ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಸೂರ್ಯಪ್ರಕಾಶರೇ! ಕೈಯಲ್ಲಿ ಪ್ಲೇಯರ್ ಇರಲಿಲ್ಲ, ಪಕ್ಕದಲ್ಲಿ ಸಿಲಿಂಡರ್ ಇತ್ತು. ಹಿಂದೆ ಹೈಮಾವತಿ ನೀರಿನ ಕ್ಯಾನುಗಳೊಡನೆ ನಿಂತಿದ್ದರು. ಅವರ ಹಿಂದೆ ಸಾಲು ಮೆಟ್ಟಿಲವರೆಗೂ ಇತ್ತು.

"ಟ್ರಾಲಿ ಜೊತೆ ನೀವೂ ಬನ್ನಿ ಪುಂಡಲೀಕಗಾರು," ಎಂದರು ಸೂರ್ಯಪ್ರಕಾಶ. "ಚಕ್ರಕ್ಕೆ ಗ್ಯಾರಂಟಿ ನಿಮ್ಮದೇ ಅಲ್ವಾ?"