ತಟಸ್ಥರಿಗೆ ಜೋಕಾಲಿ ಇಲ್ಲ

ಜಗಳ ಬಿಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನ ಮನೆಯಲ್ಲಿ ಜಗಳವೇ ಇರುವುದಿಲ್ಲ ಅಂತ ನೀವೇನಾದರೂ ತಿಳಿದಿದ್ದರೆ, ದಯವಿಟ್ಟು ಒಂದು ಸಲ ರಾಜಿ ಸಾರ್ ಮನೆಯ ಬಾಗಿಲಿಗೆ ಕಿವಿಗೊಟ್ಟು ನೋಡಿ. (ಬಾಗಿಲವರೆಗೆ ಹೋಗುವ ಶ್ರಮವೂ ಬೇಡ. ಕೆಳಗೆ ಮೆಟ್ಟಿಲ ಹತ್ತಿರ ನಿಂತರೆ ಸಾಕು, ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ.)

ರಾಜಿ ಸಾರ್ ಅನ್ನುವುದು ತಾಯಿ ಇಟ್ಟ ಹೆಸರಲ್ಲ, ಊರು ಕೊಟ್ಟ ಬಿರುದು. ಕೋರ್ಟಿನ ಹಿಂಭಾಗದಲ್ಲಿ ಸಂಧಾನ ಕೊಠಡಿ ಅಂತ ಒಂದಿದೆ. ಕಾಂಪೌಂಡು ಗೋಡೆ ನನ್ನದು ತನ್ನದು ಅಂತ ತಲೆ ಒಡೆದುಕೊಂಡ ಪಕ್ಕದ ಮನೆಯವರು, ಒಂದೇ ಅಂಗಡಿಯನ್ನು ಇಬ್ಭಾಗ ಮಾಡಲು ಹೊರಟ ಅಣ್ಣತಮ್ಮಂದಿರು, ಮುಖ ನೋಡಿದರೆ ಮೈ ಉರಿಯುತ್ತದೆ ಅನ್ನುವ ಗಂಡ ಹೆಂಡಿರು, ಎಲ್ಲರೂ ಬಂದು ಅವರ ಮೇಜಿನ ಮುಂದೆ ಕೂರುತ್ತಾರೆ. ಸಾರ್ ಅವರದ್ದು ಒಂದು ಖಾಸಾ ಪದ್ಧತಿ. ಉಭಯ ಪಕ್ಷಗಳನ್ನು ಬೇರೆ ಬೇರೆ ಕೋಣೆಗೆ ಕಳಿಸಿ, ತಾವು ನಡುವೆ ಓಡಾಡುತ್ತಾರೆ. ಈ ಕೋಣೆಯ ಬೈಗುಳ ಆ ಕೋಣೆ ಮುಟ್ಟುವಷ್ಟರಲ್ಲಿ ಹೊಗಳಿಕೆಯಾಗಿರುತ್ತದೆ. "ಅವನೊಬ್ಬ ಕತ್ತೆ" ಅಂತ ಇಲ್ಲಿ ಅಂದರೆ, "ನೀವು ತುಂಬಾ ಹೊರೆ ಹೊತ್ತಿದ್ದೀರಿ ಅಂತಿದ್ರು" ಎಂದು ಅಲ್ಲಿ ಕೇಳಿಸುತ್ತದೆ. ರಾಜಿ ಆಗುವ ತನಕ ಯಾರಿಗೂ ಟೀ ಇಲ್ಲ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಬೈಯುವುದು ಬಿಟ್ಟು ಸಾರ್ ಅವರನ್ನೇ ಬೈಯಲು ಶುರುಮಾಡಿದರೆ ಅವರು ಸದ್ದಿಲ್ಲದೆ ಟೀಗೆ ಹೇಳಿ ಕಳಿಸುತ್ತಾರೆ. ಕೆಲಸ ಮುಗಿಯಿತು ಅಂತ ಅದರ ಅರ್ಥ. ಆಮೇಲೆ ಯಾರಾದರೂ ಖುಷಿಯಿಂದ ಒಂದು ಬುಟ್ಟಿ ಹಣ್ಣು ತಂದು ಕೊಟ್ಟರೆ ಕೈ ಮುಗಿದು ವಾಪಸು ಕಳಿಸುತ್ತಾರೆ. "ಸಂಧಾನ ಮಾಡಿದವನಿಗೆ ಆಸ್ತಿಯಲ್ಲಿ ಪಾಲಿಲ್ಲ" ಅನ್ನುವುದು ಅವರ ಘೋಷವಾಕ್ಯ. ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಮನೆಯವರಿಗೆಲ್ಲ ಅದು ಬಾಯಿಪಾಠ.

ಇಷ್ಟೆಲ್ಲ ಬೈಗುಳ ಕೇಳಿಯೂ ಅವರ ತಲೆ ಕೆಡದೆ ಉಳಿದದ್ದಕ್ಕೆ ಒಂದು ಗುಟ್ಟಿದೆ. ಅವರ ಕುರ್ಚಿಗೆ ಎದುರಾಗಿ ಗೋಡೆಯ ಮೇಲೆ ಟ್ರಾವೆಲ್ಸ್‌ನವರು ಯಾವುದೋ ಕಾಲದಲ್ಲಿ ಕೊಟ್ಟ ಒಂದು ಕ್ಯಾಲೆಂಡರ್. ವರ್ಷ ಎಂದೋ ಕಳೆದುಹೋಗಿದೆ, ಚಿತ್ರ ಮಾತ್ರ ಉಳಿದಿದೆ. ಆಗ್ನೇಯ ಏಷ್ಯಾದ ಒಂದು ದೇಶದ ಪುಟ್ಟ ದ್ವೀಪ. ಎರಡು ತೆಂಗಿನಮರ, ನಡುವೆ ಒಂದು ಬಲೆ ಜೋಕಾಲಿ, ಹಿಂದೆ ಸಮುದ್ರ. ಜೋಕಾಲಿ ಖಾಲಿ. ಎದುರಿಗೆ ಕೂತವರು ಪರಸ್ಪರರ ಅಜ್ಜ ಮುತ್ತಾತಂದಿರನ್ನು ಎಳೆದು ತರುವಾಗ ಸಾರ್ ಗಂಭೀರವಾಗಿ ತಲೆಯಾಡಿಸುತ್ತಾ ಆ ಜೋಕಾಲಿಯಲ್ಲಿ ಮಲಗಿರುತ್ತಾರೆ. ಗೋಡೆಯ ಬಿರುಕು ಮುಚ್ಚಲು ಕ್ಯಾಲೆಂಡರ್ ಬಿಟ್ಟಿದ್ದೇನೆ ಅಂತ ಹೊರಗೆ ಹೇಳುವುದು. ಅಲ್ಲಿ ಬಿರುಕು ಗಿರುಕು ಏನೂ ಇಲ್ಲ.

ಈ ವರ್ಷ ಅವರಿಗೆ ಒಂದು ವಾರ ರಜೆ ಸಿಕ್ಕಿತು. ಮೇಲಿನ ಮನೆಯ ದಂತವೈದ್ಯೆ ಅದೇ ದೇಶಕ್ಕೆ ಹೋಗಿಬಂದು, ಸಿಕ್ಕವರಿಗೆಲ್ಲ ಬಾಯಿ ತೆರೆಸುವ ಬದಲು ಫೋಟೋ ತೋರಿಸುತ್ತಿದ್ದಳು. ಹಾಗಾಗಿ ದೇಶ ಯಾವುದು ಅನ್ನುವುದರಲ್ಲಿ ಮನೆಯಲ್ಲಿ ತಕರಾರೇ ಬರಲಿಲ್ಲ. ತಕರಾರು ಬಂದದ್ದು ದೇಶದೊಳಗೆ ಎಲ್ಲಿಗೆ ಅಂತ. ಆ ದೇಶವೋ, ಸಮುದ್ರದ ತುಂಬ ಚೆಲ್ಲಿಕೊಂಡ ದ್ವೀಪಗಳ ರಾಶಿ. ಒಂದರಿಂದ ಇನ್ನೊಂದಕ್ಕೆ ಹೋಗಲು ವಿಮಾನ ಹತ್ತಬೇಕು, ದೋಣಿ ಹತ್ತಬೇಕು. "ಒಂದು ವಾರದಲ್ಲಿ ಒಂದೇ ಜಾಗ ಸಾರ್. ಎರಡು ಅಂದ್ರೆ ಬರೀ ವಿಮಾನ ನಿಲ್ದಾಣ ನೋಡ್ಕೊಂಡು ಬರ್ತೀರಿ" ಅಂತ ಟ್ರಾವೆಲ್ಸ್‌ನವನು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಸಾರ್ ಅವರ ಹೆಂಡತಿ ಶಾಲೆಯಲ್ಲಿ ಪಿ.ಟಿ. ಟೀಚರ್. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ದನಿಯಲ್ಲಿ ಇರುತ್ತದೆ. ಅವಳಿಗೆ ಸೂರ್ಯ ಹುಟ್ಟುವ ಮೊದಲೇ ಜ್ವಾಲಾಮುಖಿ ಬೆಟ್ಟ ಹತ್ತಬೇಕು. ಸಾರ್ ಅವರ ತಾಯಿ ನಿವೃತ್ತ ನರ್ಸು. ಸೂಜಿ ಚುಚ್ಚುವ ಕೆಲಸ ಬಿಟ್ಟು ವರ್ಷಗಳಾದರೂ ಮಾತಿನಲ್ಲಿ ಅಭ್ಯಾಸ ಹೋಗಿಲ್ಲ. ಅವರಿಗೆ ಬಿಸಿನೀರಿನ ಬುಗ್ಗೆಯಲ್ಲಿ ಮಂಡಿ ಇಳಿಬಿಟ್ಟು ಕೂರಬೇಕು. ಕಾಲೇಜಿಗೆ ಹೋಗುವ ಮಗಳಿಗೆ ಹಲಗೆಯ ಮೇಲೆ ನಿಂತು ಅಲೆಯ ಮೇಲೆ ತೇಲಬೇಕು. (ಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸು ಅಂದರೆ ತಲೆ ಸುತ್ತುತ್ತದೆ ಅನ್ನುವ ಹುಡುಗಿ.)

"ರೀ, ನಿಮಗೆಲ್ಲಿಗೆ ಹೋಗ್ಬೇಕು, ಅದನ್ನಾದ್ರೂ ಹೇಳಿ" ಅಂತ ಹೆಂಡತಿ ದಿನಾ ಕೇಳುತ್ತಿದ್ದಳು.

"ನಾನು ತಟಸ್ಥ" ಅನ್ನುತ್ತಿದ್ದರು ಸಾರ್.

"ನಾನೇನು ಕೋರ್ಟಿಗೆ ಬಂದಿದೀನಾ? ಬಾಯಿ ಬಿಟ್ಟು ಹೇಳೋಕೇನು ರೋಗ?"

ಸಾರ್ ಬಾಯಿ ಬಿಡಲಿಲ್ಲ. ಬಿಟ್ಟರೆ ತಾವೂ ನಾಲ್ಕನೇ ಪಕ್ಷವಾಗುತ್ತೇವೆ, ಆಮೇಲೆ ರಾಜಿ ಮಾಡಿಸಲು ಯಾರಿದ್ದಾರೆ ಅನ್ನುವುದು ಒಂದು ಚಿಂತೆ. ಇನ್ನೊಂದು, ಅವರಿಗೆ ತಮ್ಮ ಕೈಚಳಕದ ಮೇಲೆ ಅಪಾರ ಭರವಸೆ. ಮೂವರೂ ಜಗಳವಾಡಿ ಸುಸ್ತಾದಾಗ, ಮಧ್ಯಮ ಮಾರ್ಗ ಅಂತ ಮೆಲ್ಲಗೆ ಆ ದ್ವೀಪವನ್ನು ಮುಂದೆ ತಳ್ಳಿದರಾಯಿತು. ಜೋಕಾಲಿಯೂ ಸಿಕ್ಕಿತು, ನಿಸ್ಪೃಹ ಅನ್ನುವ ಹೆಸರೂ ಉಳಿಯಿತು!

ಭಾನುವಾರ ಬೆಳಿಗ್ಗೆ ಅಧಿವೇಶನ ಶುರುವಾಯಿತು. ತಾಯಿಯನ್ನು ಮಲಗುವ ಕೋಣೆಯಲ್ಲಿ, ಹೆಂಡತಿಯನ್ನು ಅಡುಗೆಮನೆಯಲ್ಲಿ, ಮಗಳನ್ನು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಕೂರಿಸಿ, "ನಾನು ಕರೆಯೋವರೆಗೂ ಯಾರೂ ಜಾಗ ಬಿಟ್ಟು ಏಳಬಾರದು, ಟೀ ಆಮೇಲೆ" ಅಂತ ಸಾರ್ ಅಪ್ಪಣೆ ಮಾಡಿದರು.

ಮೊದಲು ಅಡುಗೆಮನೆ.

"ಅತ್ತೆ ಮಂಡಿ ನೆನೆಸೋಕೆ ನಾನು ಸಮುದ್ರ ದಾಟಬೇಕಾ? ಬಕೆಟ್ಟಲ್ಲಿ ಬಿಸಿನೀರು ಕಾಯಿಸಿ ಕೊಡ್ತೀನಿ, ಇಲ್ಲೇ ಕೂತ್ಕೊಳ್ಳಲಿ!"

ಸಾರ್ ಮಲಗುವ ಕೋಣೆಗೆ ಬಂದು ದನಿಗೆ ಬೆಣ್ಣೆ ಹಚ್ಚಿದರು. "ಅಮ್ಮಾ, ನಿನ್ನ ಮಂಡಿ ಬಗ್ಗೆ ಅವಳಿಗೆ ಎಷ್ಟು ಕಾಳಜಿ ಗೊತ್ತಾ?"

"ಕೇಳಿಸ್ತು ಕಣೋ. ನನಗೆ ನೋಯ್ತಿರೋದು ಮಂಡಿ, ಕಿವಿಯಲ್ಲ."

ಕೋರ್ಟಿನ ಗೋಡೆಗಳು ಒಂದೂವರೆ ಅಡಿ ದಪ್ಪ. ಈ ಮನೆಯ ಗೋಡೆಗಳನ್ನು ಕಟ್ಟಿದವನು ಸಿಮೆಂಟಿಗಿಂತ ದೇವರ ಮೇಲೆ ಹೆಚ್ಚು ಭಾರ ಹಾಕಿದ್ದ. ಸಾರ್ ಮಾರ್ಗ ಬದಲಿಸಿ ಪಿಸುಮಾತಿಗೆ ಇಳಿದರು. ಹಾಗೆಯೇ, ಹೇಳಲು ನಾಚಿಕೆಯಾಗುತ್ತದೆ, ಧರ್ಮದಿಂದಲೂ ಇಳಿದರು.

"ಅಮ್ಮಾ, ಬುಗ್ಗೆ ನೀರು ಕೊಳೆತ ಮೊಟ್ಟೆ ನಾತ ಹೊಡೆಯುತ್ತಂತೆ. ಒಂದು ಸಲ ಇಳಿದ್ರೆ ಒಂದು ತಿಂಗಳು ಮೈಯಿಂದ ಹೋಗಲ್ವಂತೆ. ನಿನ್ನ ಸೊಸೆನೇ ಹೇಳಿದ್ಳು, ಪಾಪ, ನಿನಗೆ ಹೇಳೋಕೆ ಅವಳಿಗೆ ಸಂಕೋಚ. ಅದೇ ಒಂದು ಪುಟ್ಟ ದ್ವೀಪ ಇದೆ ನೋಡು, ಅಲ್ಲಿ ಬಿಸಿ ಮರಳಲ್ಲಿ ಮಂಡಿ ಹೂತಿಟ್ಟು ಕೂತ್ರೆ ನೋವು ಅನ್ನೋ ಮಾತೇ ಇಲ್ಲ."

ಅಡುಗೆಮನೆಯಲ್ಲಿ: "ಆ ಬೆಟ್ಟದ ತುಂಬ ಜಿಗಣೆ ಅಂತೆ ಕಣೇ! ಅಮ್ಮ ಹೇಳ್ತಿದ್ಲು, ಅವಳ ಆಸ್ಪತ್ರೆಗೆ ಒಬ್ಬ ಬಂದಿದ್ನಂತೆ, ಮೈಯೆಲ್ಲ ಕಚ್ಚಿಸ್ಕೊಂಡು. ಅದೇ ಆ ದ್ವೀಪ ಆದ್ರೆ ಈಜು ಈಜು, ನಿನ್ನಂಥ ಗಟ್ಟಿಗಿತ್ತಿಗೆ ಹೇಳಿ ಮಾಡಿಸಿದ ಜಾಗ."

ಇಡೀ ಶಾಲೆಯನ್ನು ಬಿಸಿಲಲ್ಲಿ ಓಡಿಸುವ ಹೆಣ್ಣು ಜಿಗಣೆ ಅನ್ನುವ ಶಬ್ದಕ್ಕೇ ಕಾಲು ಮೇಲೆತ್ತಿಕೊಂಡಳು.

ಬಾಲ್ಕನಿಯಲ್ಲಿ: "ಅಲೆ ಇರೋ ಕಡೆ ಮೊಬೈಲಿಗೆ ಸಿಗ್ನಲ್ಲೇ ಇಲ್ವಂತೆ. ನಿಮ್ಮಮ್ಮ ವಿಚಾರಿಸಿದ್ದಾಳೆ. ಆ ದ್ವೀಪದಲ್ಲಿ ಸಂಜೆ ಬೆಳಕು ಹೇಗಿರುತ್ತೆ ಅಂದ್ರೆ, ಕಣ್ಣು ಮುಚ್ಕೊಂಡು ಫೋಟೋ ತೆಗೆದ್ರೂ ಬಹುಮಾನ ಬರುತ್ತೆ."

ಮಧ್ಯಾಹ್ನದ ಹೊತ್ತಿಗೆ ಮೂರೂ ಕಡೆಯಿಂದ "ಆಯ್ತು, ಆ ದ್ವೀಪಕ್ಕೇ ಹೋಗೋಣ" ಅನ್ನುವ ಮಾತು ಬಂತು. ಸಾರ್ ಅವರಿಗೆ ಕುಣಿಯಬೇಕು ಅನ್ನಿಸಿತು. ಇಷ್ಟು ವರ್ಷ ಊರಿಗೆಲ್ಲ ರಾಜಿ ಮಾಡಿಸಿದ್ದರು, ತಮಗೋಸ್ಕರ ಅಂತ ಗೆದ್ದದ್ದು ಇದೇ ಮೊದಲು. ಪದ್ಧತಿಯ ಪ್ರಕಾರ ಈಗ ಟೀ. ನೋಡಿದರೆ ಮನೆಯಲ್ಲಿ ಹಾಲಿಲ್ಲ. "ಯಾರೂ ಏಳಬೇಡಿ, ಹಾಲು ತಂದೆ" ಅಂತ ಚಪ್ಪಲಿ ಮೆಟ್ಟಿ ಹೊರಟರು. ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ಟರ್ ಮೆಟ್ಟಿಲಲ್ಲೇ ಹಿಡಿದುಕೊಂಡು, "ನಿಮ್ಮ ಬಚ್ಚಲ ನೀರು ನಮ್ಮ ತಾರಸಿಯಿಂದ ತೊಟ್ಟಿಕ್ತಾ ಇದೆ, ಯಾವಾಗ ರಿಪೇರಿ ಮಾಡಿಸ್ತೀರಿ?" ಅಂತ ದಿನದ ಪಾಠ ಶುರುಮಾಡಿದರು. ಬೇರೆ ದಿನವಾಗಿದ್ದರೆ ಸಾರ್ ತಪ್ಪಿಸಿಕೊಳ್ಳುತ್ತಿದ್ದರು. ಇವತ್ತು ಉದಾರವಾಗಿ ನಿಂತು ಪೂರ್ತಿ ಕೇಳಿದರು. ಅದೇ ಅವರು ಮಾಡಿದ ತಪ್ಪು.

ಹಾಲು ಹಿಡಿದು ಬಾಗಿಲು ತೆರೆದರೆ, ಟೀ ವಾಸನೆ.

ಅಡುಗೆಮನೆಯಲ್ಲಿ ಅತ್ತೆ, ಸೊಸೆ, ಮೊಮ್ಮಗಳು ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಹಾಲಿಲ್ಲದ ಟೀ ಹೀರುತ್ತಿದ್ದರು. ಸಂಧಾನದಲ್ಲಿ ಸಾರ್ ಅವರ ಅಪ್ಪಣೆಯಿಲ್ಲದೆ ಟೀ ಆದದ್ದು ಇದೇ ಮೊದಲು.

"ಬಾ ಮಗಾ" ಅಂದರು ತಾಯಿ, ಇಂಜೆಕ್ಷನ್‌ಗೆ ಮೊದಲು ಸ್ಪಿರಿಟ್ ಒರೆಸುವ ದನಿಯಲ್ಲಿ. "ಜಿಗಣೆ ಕಚ್ಚಿಸ್ಕೊಂಡು ನಮ್ಮ ಆಸ್ಪತ್ರೆಗೆ ಬಂದಿದ್ನಲ್ಲ, ಅವನು ಹೇಗಿದಾನೆ ಈಗ?"

"ಕೊಳೆತ ಮೊಟ್ಟೆ ನಾತದ ವಿಷಯ ನಾನು ಯಾವಾಗ ಹೇಳ್ದೆ ರೀ? ಪಾಪ, ಸಂಕೋಚ ಬೇರೆಯಂತೆ ನನಗೆ!"

"ಅಪ್ಪಾ, ಅದು ಬರೀ ಬೂದಿ ಬೆಟ್ಟ. ಹುಲ್ಲೇ ಬೆಳೆಯಲ್ಲ, ಜಿಗಣೆ ಎಲ್ಲಿಂದ ಬರುತ್ತೆ? ಆಮೇಲೆ ಅಲೆ ಇರೋ ಕಡೆ ಇಲ್ಲಿಗಿಂತ ಚೆನ್ನಾಗಿ ಸಿಗ್ನಲ್ ಸಿಗುತ್ತೆ."

ಸಾರ್ ಅತ್ತ ಮೆಟ್ಟಿಲು ಇಳಿದೊಡನೆ ಮಗಳು ಅಜ್ಜಿಯ ಕೋಣೆಗೆ ನುಗ್ಗಿದ್ದಳು, ಸೊಸೆ ಅತ್ತೆಯನ್ನು ಜಿಗಣೆಯ ಬಗ್ಗೆ ಕೇಳಿದ್ದಳು, ಅಷ್ಟೇ. ಮೂರು ನಿಮಿಷದಲ್ಲಿ ಸಾರ್ ಕಟ್ಟಿದ ಕೋಟೆ ನೆಲಸಮ.

"ಆದದ್ದಾಯ್ತು" ಅಂದರು ಸಾರ್, ಬೆವರು ಒರೆಸಿಕೊಳ್ಳುತ್ತಾ. "ಹಾಗಾದ್ರೆ ದ್ವೀಪ ಬೇಡ ಅಂತೀರಾ?"

"ಯಾಕೆ ಬೇಡ? ದ್ವೀಪಕ್ಕೇ ಹೋಗ್ತೀವಿ" ಅಂದಳು ಹೆಂಡತಿ. "ನೀವು ವರ್ಣಿಸಿದ್ದು ಕೇಳಿ ಮೂವರಿಗೂ ಆಸೆ ಹುಟ್ಟಿಬಿಟ್ಟಿದೆ. ನಾನು, ಅತ್ತೆ, ಇವಳು. ಮೂರೇ ಟಿಕೆಟ್ಟು."

"ಮತ್ತೆ ನಾನು?"

"ನೀವು ತಟಸ್ಥರು."

"ಅಯ್ಯೋ, ಅದೇನು ಮಾತು ಅಂತ..."

"ಸಂಧಾನ ಮಾಡಿದವನಿಗೆ ಆಸ್ತಿಯಲ್ಲಿ ಪಾಲಿಲ್ಲ" ಅಂತ ಮೂವರೂ ಒಟ್ಟಿಗೆ, ಶಾಲಾ ಪ್ರಾರ್ಥನೆಯ ಹಾಗೆ ಹೇಳಿದರು.

ಆಗ ಸಾರ್ ಅವರ ಸಂಯಮದ ಕಟ್ಟೆ ಒಡೆಯಿತು. ಹಾಲಿನ ಪ್ಯಾಕೆಟ್ ಎದೆಗವಚಿಕೊಂಡು ಕಿರುಚಿದರು. "ಅದು ನನ್ನ ದ್ವೀಪ! ಆ ಕ್ಯಾಲೆಂಡರ್ ಎಷ್ಟು ವರ್ಷದಿಂದ ನೋಡ್ತಿದೀನಿ ಗೊತ್ತಾ? ಆ ಜೋಕಾಲಿ ಇಲ್ದಿದ್ರೆ ಆ ಕೋಣೆಯಲ್ಲಿ ಕೂತು ಕೂತು ನನಗೆ ಯಾವತ್ತೋ ಹುಚ್ಚು ಹಿಡಿದಿರ್ತಿತ್ತು! ನನಗೆ ಅಲ್ಲಿ ಮಲಗಬೇಕು! ಸುಮ್ನೆ ಮಲಗಬೇಕು!"

ಹೆಂಡತಿ ಅವರನ್ನು ವಿಚಿತ್ರವಾಗಿ ನೋಡಿದಳು. ದನಿಯಲ್ಲಿನ ಸೀಟಿ ಇಳಿದಿತ್ತು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀವು ನನ್ನ ಜೊತೆ ಜಗಳ ಆಡ್ತಿದ್ರಿ."

"ಆಡ್ತಿದ್ವಿ. ಆಡಿ ಕರ್ಕೊಂಡು ಹೋಗ್ತಿದ್ವಿ. ಈ ಮನೇಲಿ ಜಗಳ ಆಡ್ದೆ ಯಾರಿಗೆ ಏನು ಸಿಕ್ಕಿದೆ ಹೇಳಿ?"

ಸಾರ್ ಎದೆಗವಚಿಕೊಂಡಿದ್ದ ಹಾಲಿನ ಪ್ಯಾಕೆಟ್ಟನ್ನು ಬೆಂಚಿನ ಮೇಲಿಟ್ಟರು. ಅಷ್ಟರಲ್ಲಿ ತಾಯಿ ಸ್ವಲ್ಪ ಕರಗಿದವರಂತೆ ಕಂಡರು. ಮಗಳು ಟ್ರಾವೆಲ್ಸ್‌ನವನಿಗೆ ಫೋನ್ ಮಾಡಲು ನಂಬರ್ ಹುಡುಕತೊಡಗಿದಳು. ಇನ್ನೇನು ನಾಲ್ಕನೇ ಟಿಕೆಟ್ಟಿನ ಮಾತು ಬರಬೇಕು, ಬಾಗಿಲು ಬಡಿದ ಸದ್ದು. ಹೆಡ್‌ಮಾಸ್ಟರ್, ಕೈಯಲ್ಲಿ ತಾರಸಿಯಿಂದ ಉದುರಿದ ಗಾರೆಯ ತುಂಡು.

"ಒಂದು ಮಾತು ಹೇಳೋಕೆ ಬಂದೆ" ಅಂದರು ಆತ ಸಂತೋಷದಿಂದ. "ಪ್ಲಂಬರ್ ಸಿಕ್ಕಿದಾನೆ. ನಿಮಗೆ ರಜಾ ಇರೋ ವಾರಾನೇ ಬರ್ತಾನಂತೆ. ಆ ವಾರ ಮನೇಲೇ ಇರ್ತೀನಿ, ಎಷ್ಟು ಹೊತ್ತಾದ್ರೂ ನಿಂತು ಮಾಡಿಸ್ತೀನಿ ಅಂತ ಈಗ ತಾನೇ ಮೆಟ್ಟಿಲ ಮೇಲೆ ಒಪ್ಕೊಂಡ್ರಲ್ಲ? ನಮ್ಮ ಮನೆಯವಳೂ ಸಾಕ್ಷಿ."

ಅಷ್ಟು ಖುಷಿಯಲ್ಲಿ, ಎದುರಿಗಿರುವವರ ಮಾತಿಗೆಲ್ಲ ಹ್ಞೂ ಅನ್ನುವ ಇಷ್ಟು ವರ್ಷಗಳ ಅಭ್ಯಾಸದಲ್ಲಿ, ಸಾರ್ ಒಪ್ಪಿಕೊಂಡಿದ್ದರು. ಹೆಂಡತಿ ಅವರನ್ನೊಮ್ಮೆ, ಗಾರೆಯ ತುಂಡನ್ನೊಮ್ಮೆ ನೋಡಿ ಮಗಳಿಗೆ ಹೇಳಿದಳು, "ಮೂರೇ ಸಾಕು."

ಹೀಗೆ ರಜೆಯ ವಾರ ರಾಜಿ ಸಾರ್ ಬಚ್ಚಲಮನೆಯಲ್ಲಿ ಮಡಚಿದ ಪ್ಯಾಂಟಿನಲ್ಲಿ ನಿಂತು, ನಲ್ಲಿ ತಪ್ಪೋ ಪೈಪು ತಪ್ಪೋ ಅಂತ ಪ್ಲಂಬರ್‌ಗೂ ಹೆಡ್‌ಮಾಸ್ಟರ್‌ಗೂ ಸಂಧಾನ ಮಾಡುತ್ತಿದ್ದಾಗ ಮೊಬೈಲ್ ಮೊಳಗಿತು. ವಿಡಿಯೋ ಕಾಲ್. ಎರಡು ತೆಂಗಿನಮರ, ಹಿಂದೆ ಸಮುದ್ರ. ಸಾರ್ ಅವರ ಕಣ್ಣು ತುಂಬಿಬಂತು.

"ರೀ, ಎಲ್ಲ ನೀವು ಹೇಳಿದ ಹಾಗೇ ಇದೆ!" ಅಂದಳು ಹೆಂಡತಿ. "ಅತ್ತೆ ಮಂಡಿ ಮರಳಲ್ಲಿದೆ. ಒಂದೇ ಒಂದು ತೊಂದರೆ. ಜೋಕಾಲಿ ಒಂದೇ ಇತ್ತು. ಯಾರು ಮಲಗೋದು ಅಂತ ಜಗಳ ಆಯ್ತು."

"ಇರು, ಇರು" ಸಾರ್ ಅವರಿಗೆ ಜೀವ ಬಂತು. "ಮೂವರೂ ಬೇರೆ ಬೇರೆ ಕಡೆ ಹೋಗಿ ಕೂತ್ಕೊಳ್ಳಿ. ನಾನು ಒಬ್ಬೊಬ್ಬರ ಹತ್ರಾನೇ..."

"ಬೇಡ ಬಿಡಿ, ರಾಜಿ ಆಯ್ತು. ಮೂವರೂ ಒಟ್ಟಿಗೆ ಕೂತ್ವಿ."

"ಮತ್ತೆ?"

ಹೆಂಡತಿ ಮೊಬೈಲನ್ನು ಕೆಳಗೆ ತಿರುಗಿಸಿದಳು. ಮರಳಿನ ಮೇಲೆ ಹರಿದ ಬಲೆಯ ಒಂದು ಗುಪ್ಪೆ. ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ, ಕೆಂಪು ಕೆಂಪಾದ ಒಬ್ಬ ಮನುಷ್ಯ.

"ಇವರು ಹೋಟೆಲ್ ಯಜಮಾನ್ರು. ಏನು ಹೇಳಿದ್ರೂ ಕೇಳ್ತಿಲ್ಲ. ನಮ್ಮನೆಯವರಿಗೆ ಇದೇ ಕೆಲಸ ಅಂತ ಹೇಳಿದೀನಿ. ಸ್ವಲ್ಪ ಮಾತಾಡಿ."

ಮೊಬೈಲು ಕೈ ಬದಲಾಯಿತು. ಪರದೆಯ ತುಂಬ ಯಜಮಾನರ ಮುಖ ಬಂದು, ಸಾರ್ ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ, ಯಾವ ಭಾಷೆಯವರಿಗೂ ಅರ್ಥವಾಗುವಂತೆ ಬೈಯಲಾರಂಭಿಸಿತು. ಅತ್ತ ಕಡೆ ಹೆಂಡತಿ, ತಾಯಿ, ಮಗಳು ಜಾರಿಕೊಂಡು ನೀರಿನ ಕಡೆ ಹೋಗುವುದು ಯಜಮಾನರ ಭುಜದ ಹಿಂದೆ ಕಾಣುತ್ತಿತ್ತು. ಇತ್ತ ಕಡೆ ಪ್ಲಂಬರ್ ಮತ್ತು ಹೆಡ್‌ಮಾಸ್ಟರ್ ತಮ್ಮ ತಮ್ಮೊಳಗಿನ ಜಗಳ ನಿಲ್ಲಿಸಿ, "ಇದಕ್ಕೆಲ್ಲ ಇವರೇ ಕಾರಣ, ಮೊದಲೇ ರಿಪೇರಿ ಮಾಡಿಸಿದ್ರೆ ಈ ಗತಿ ಬರ್ತಿತ್ತಾ?" ಅಂತ ಒಂದೇ ದನಿಯಲ್ಲಿ ಶುರುಮಾಡಿದರು.

ಮೂರೂ ಕಡೆಯವರು ಈಗ ಸಾರ್ ಅವರನ್ನೇ ಬೈಯುತ್ತಿದ್ದರು. ಎಲ್ಲ ಕಡೆಯೂ ರಾಜಿ ಆಗಿತ್ತು. ರಾಜಿ ಸಾರ್ ಒದ್ದೆ ಕಾಲಿನಲ್ಲೇ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟರು.