ಸೀದಾ ಅಮೆರಿಕದಿಂದ ಬಂದ ಕೆಂಪು ಕಾರು

'ನನಗೆ ಗೊತ್ತಿಲ್ಲ' ಎನ್ನಲು ಬಾರದ ಗಂಡಸರ ಒಂದು ವರ್ಗವೇ ಇದೆ. ದಾರಿ ಕೇಳಿದರೆ ತಪ್ಪು ದಾರಿಯನ್ನಾದರೂ ತೋರಿಸಿಯೇ ಕಳಿಸುತ್ತಾರೆ. ನಾನು ಆ ವರ್ಗದ ಹಿರಿಯ ಸದಸ್ಯ. ಓದಿದ್ದು ಬಾಗಲಕೋಟೆಯಲ್ಲಿ ಹತ್ತನೆಯ ತರಗತಿಯವರೆಗೆ. ತಲೆ ಬೆಳ್ಳಗಾಗಿದ್ದು ಕತಾರಿನಲ್ಲಿ, ಲುಸೈಲಿನ ಒಂದು ಕಟ್ಟಡ ಕಂಪನಿಯ ಸ್ಟೋರಿನೊಳಗೆ. ಇಡೀ ದಿನ ನಟ್ಟು ಬೋಲ್ಟುಗಳ ನಡುವೆ ಇರುವವನಿಗೆ ಎಂಜಿನ್ನಿನ ವಿಷಯವೂ ಗೊತ್ತಿರುತ್ತದೆ ಎಂದು ನಮ್ಮ ಕನ್ನಡದವರು ಅದು ಹೇಗೋ ನಂಬಿಬಿಟ್ಟರು. ನಾನೂ ಅಲ್ಲಗಳೆಯಲಿಲ್ಲ. ಯಾರೇ ಹಳೆಯ ಕಾರು ಕೊಳ್ಳಲಿ, ಶುಕ್ರವಾರ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ಬಾನೆಟ್ ಎತ್ತಿಸಿ, ಒಳಗೆ ಇಣುಕಿ, ಗಂಭೀರವಾಗಿ ತಲೆಯಾಡಿಸುತ್ತೇನೆ. ಆಮೇಲೆ ಬಿರಿಯಾನಿ. ಆ ಬಿರಿಯಾನಿಗಾಗಿ ಎಷ್ಟು ಕಾರುಗಳಿಗೆ ತಲೆಯಾಡಿಸಿದ್ದೇನೋ ದೇವರೇ ಬಲ್ಲ.

ಉಮ್ಮ್ ಸಲಾಲಿನಲ್ಲಿ ನಮ್ಮ ಕೆಳಗಿನ ಮನೆಯವನು ಫೆಲಿಕ್ಸ್, ಶಿರ್ವದ ಕಡೆಯ ಹುಡುಗ, ಒಂದು ಆಫೀಸಿನಲ್ಲಿ ಗುಮಾಸ್ತ. ಮೂರು ವರ್ಷ ಒಬ್ಬನೇ ಇದ್ದವನ ಬಳಿಗೆ ಹೆಂಡತಿ ಲವೀನಾ ಬಂದಿದ್ದಳು. ಅಲ್ ರಯ್ಯಾನಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ, ಮಧ್ಯಾಹ್ನ ಒಂದಕ್ಕೆ ಡ್ಯೂಟಿ. ವೀಸಾ ಕ್ಲಿನಿಕ್ಕಿನದು. ಪ್ರೊಬೇಷನ್ ಮುಗಿಯುವುದರೊಳಗೆ ಮೂರು ಸಲ ತಡವಾದರೆ ಖಲಾಸ್, ಅವಳು ವಾಪಸ್ ಊರಿಗೆ. ಫೆಲಿಕ್ಸ್ ಊಟದ ಬಿಡುವಿನಲ್ಲಿ ಬಂದು ಅವಳನ್ನು ಬಿಡಬೇಕು, ಅದಕ್ಕೊಂದು ಹಳೆಯ ಕಾರು ಬೇಕು.

"ಚಂದ ಬೇಡ ಅಂಕಲ್, ದಾರಿಯಲ್ಲಿ ನಿಲ್ಲದಿದ್ರೆ ಸಾಕು ಮಾರಾಯ್ರೇ" ಎಂದ.

ನೋಡಿದ್ದು ಎರಡು ಕಾರು, ಎರಡೂ ಅಮೆರಿಕದ ಕಂಪನಿಯವೇ. ಬಿಳಿಯದಕ್ಕೆ ಆರು ಸಿಲಿಂಡರಿನ ಎಂಜಿನ್. ಅದು ಈ ಗಲ್ಫ್ ದೇಶಗಳಿಗೆಂದೇ ಮಾಡಿದ್ದು, ಚೆನ್ನಾಗಿ ಓಡಿಯೂ ಇತ್ತು. ಕೆಂಪಿನದಕ್ಕೆ ನಾಲ್ಕೇ ಸಿಲಿಂಡರ್, ಜೊತೆಗೆ ಟರ್ಬೊ. ಯಾರೋ ಅಮೆರಿಕದಲ್ಲಿ ಓಡಿಸಿದ್ದನ್ನು ಹಡಗಿನಲ್ಲಿ ತರಿಸಿದ್ದರು.

"ಬಿಳಿದು ಆಗ್ಬಹುದಾ ಅಂಕಲ್? ಸಿಂಪಲ್ ಎಂಜಿನ್, ಟರ್ಬೊ ಗಿರ್ಬೊ ಇಲ್ಲ."

"ಆರು ಸಿಲಿಂಡರ್ ಅಂದ್ರ ಆರು ಬಾಯಿ ಪೆಟ್ರೋಲ್ ಕುಡೀತಾವೋ ಫೆಲಿಕ್ಸ! ಕೆಂಪದು ನೋಡು, ಸೀದಾ ಅಮೆರಿಕದ ಮಾಲು. ಮೀಟರ್ ನೋಡು, ಬಿಳೀದರ ಮುಕ್ಕಾಲೂ ಓಡಿಲ್ಲ."

ಪೆಟ್ರೋಲಿನ ಚಿಂತೆಯನ್ನೇ ಮಾಡದ ದೇಶದಲ್ಲಿ ನಿಂತು ನಾನು ಆಡಿದ ಮಾತಿದು. ನಿಜವಾದ ಕಾರಣ ಬೇರೆ. ರಜೆಗೆ ಹೋಗುವಾಗಲೆಲ್ಲ ಸೆಂಟು, ಸೋಪು, ಟಾರ್ಚು ಹೊತ್ತೊಯ್ದು, 'ಫಾರಿನ್ ಮಾಲು' ಎಂದು ಹಂಚಿ ಮೆರೆದವನು ನಾನು. ಫಾರಿನ್ನಿನಲ್ಲೇ ಇಷ್ಟು ವರ್ಷ ಕೂತಿದ್ದರೂ, ಅದಕ್ಕಿಂತ ದೂರದ ಫಾರಿನ್ನಿನಿಂದ ಬಂತು ಎಂದರೆ ಸಾಕು, ನನ್ನ ಬುದ್ಧಿ ಕೆಲಸ ನಿಲ್ಲಿಸುತ್ತದೆ.

ಫೆಲಿಕ್ಸ್ ನನ್ನ ಮಾತು ಕೇಳಿ ಕೆಂಪನ್ನೇ ಕೊಂಡ. ಜೂನ್ ಬಂತು. ಕೆಂಪು ಕಾರು ರಯ್ಯಾನಿನ ದಾರಿಯಲ್ಲಿ ಕಾದು, ಹೊಗೆ ಬಿಟ್ಟು ನಿಂತಿತು. ಲವೀನಾಗೆ ಮೊದಲ ವಾರ್ನಿಂಗ್. ಗ್ಯಾರೇಜಿನ ಮಲಯಾಳಿ ಮೇಸ್ತ್ರಿ, ನನ್ನ ಬಿಳಿ ತಲೆಗೆ ಗೌರವ ಕೊಟ್ಟು, ನನ್ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದ: ಈ ಕಾರಿನ ರೇಡಿಯೇಟರ್ ತಂಪು ಊರಿನ ಲೆಕ್ಕಕ್ಕೆ ಇಟ್ಟದ್ದು, ಇಲ್ಲಿಯ ಬಿಸಿಲಿಗೆ ಸಾಲದು, ಇನ್ನು ಮೀಟರ್ ತೋರಿಸುವುದು ಕಿಲೋಮೀಟರ್ ಅಲ್ಲ, ಮೈಲಿ. ಹಾಗಾದರೆ ಕೆಂಪು ಕಾರು ಬಿಳಿಯದಕ್ಕಿಂತ ಏನೂ ಕಡಿಮೆ ಓಡಿರಲಿಲ್ಲ.

ಹೊರಗೆ ಬಂದು ಫೆಲಿಕ್ಸನಿಗೆ ನಾನು ಏನು ಹೇಳಿದೆ ಗೊತ್ತೆ? "ಎಸಿ ಭಾಳ ಜೋರ ಇಡ್ತೀಯಂತ. ಅದಕ್ಕ ಕಾಯ್ತದ."

ಅವನು ನಂಬಿದ. ಎರಡು ವಾರ ಆ ಹುಡುಗಿ ಎಸಿ ಇಲ್ಲದೆ, ಬೆವರಿನಲ್ಲಿ ನೆನೆದ ಯೂನಿಫಾರ್ಮಿನಲ್ಲಿ ಡ್ಯೂಟಿಗೆ ಹೋದಳು. ಆದರೂ ಕಾರು ಇನ್ನೊಮ್ಮೆ ನಿಂತಿತು. ಎರಡನೆಯ ವಾರ್ನಿಂಗ್. ಅಂದು ಸಂಜೆ ಕೆಳಗಿನ ಮನೆಯಲ್ಲಿ ಅವಳು ಅಳುವುದು ಮೆಟ್ಟಿಲಿನವರೆಗೂ ಕೇಳಿಸಿತು. ಬಾಗಿಲು ತಟ್ಟಿ, ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ: ಮೈಲಿ, ರೇಡಿಯೇಟರ್, ಎಸಿಯ ಸುಳ್ಳು, ಕಡೆಗೆ ನನಗೆ ಕಾರಿನ ಗಂಧಗಾಳಿಯೂ ಇಲ್ಲವೆಂಬುದನ್ನು.

ಫೆಲಿಕ್ಸ್ ನನಗೆ ಕೂರಲು ಕುರ್ಚಿ ಎಳೆದುಕೊಟ್ಟ. ಬೈದಿದ್ದರೆ ವಾಸಿಯಿತ್ತು. ಲವೀನಾ ಕಣ್ಣೊರೆಸಿಕೊಂಡು, "ಹಾಗಾದ್ರೆ ನಾನು ಎರಡು ವಾರ ಬೆಂದದ್ದು ಸುಮ್ಮನೆಯಾ ಅಂಕಲ್?" ಎಂದಳು.

"ನಾಳಿಂದ ನಾನ ಬಿಡ್ತೀನಿ ತಂಗಿ. ಬ್ಯಾಸಗ್ಯಾಗ ಬಿಸಿಲಿಗೆ ಮಧ್ಯಾಹ್ನ ಸೈಟ್ ಬಂದ್ ಇರ್ತದ, ನನಗ ಬಿಡುವೈತಿ."

"ನಿಮ್ಮ ಕಾರು ಎಂಥದ್ದು?"

"ಜಪಾನಿಂದು."

"ಆರಿಸಿದ್ದು ಯಾರು?"

"ಕಂಪನಿಯವರು ಕೊಟ್ಟದ್ದವ್ವಾ."

"ಹಾಗಾದ್ರೆ ಬರ್ತೇನೆ."

ಬಿಡುವೇನೋ ಇತ್ತು, ಆದರೆ ಆ ಬಿಡುವಿನಲ್ಲಿ ಸ್ಟೋರಿನ ಹಿಂದೆ ರಟ್ಟಿನ ಪೆಟ್ಟಿಗೆ ಹಾಸಿಕೊಂಡು ಒಂದು ನಿದ್ದೆ ತೆಗೆಯುವುದು ನನ್ನ ಹಳೆಯ ಸುಖ. ಬೇಸಿಗೆ ಪೂರ್ತಿ ಅದಕ್ಕೆ ಎಳ್ಳುನೀರು ಬಿಟ್ಟೆ. ಒಂದು ನಿಮಿಷವೂ ತಡ ಮಾಡಲಿಲ್ಲ. ಅಕ್ಟೋಬರಿನಲ್ಲಿ ಲವೀನಾಳ ಕೆಲಸ ಖಾಯಂ ಆಯಿತು. ಆ ದಿನ ಅವಳಿಗಿಂತ ಹೆಚ್ಚು ಅತ್ತವನು ನಾನು. ಬೆವರು ಎಂದು ಹೇಳಿಕೊಂಡೆ.

ಫೆಲಿಕ್ಸ್ ಕೆಂಪು ಕಾರನ್ನು ಇದ್ದದ್ದು ಇದ್ದಂತೆ ಹೇಳಿಯೇ ಮಾರಿದ. ಬದಲಿಗೆ ಆರು ಸಿಲಿಂಡರಿನ ಇನ್ನೊಂದು ಕಾರು ಕೊಂಡ. ನೋಡಲು ಕರೆದುಕೊಂಡು ಹೋದದ್ದು ಮೇಸ್ತ್ರಿಯನ್ನು, ಬಿರಿಯಾನಿಯೂ ಅವನಿಗೇ. ನನ್ನನ್ನು ಕರೆದದ್ದು ಕಾರು ಮನೆಗೆ ಬಂದ ಮೇಲೆ, ಬರೀ ಒಂದು ಸುತ್ತು ಹೋಗಿಬರಲು. ನಾನು ಕಾರನ್ನು ಒಮ್ಮೆ ಸುತ್ತು ಹಾಕಿದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಎಲ್ಲಾ ಛಲೋ ಐತಿ. ಆದ್ರ ಆ ಟಾಯರ್..." ಎಂದು ಶುರು ಮಾಡಿದೆ.

"ಅಂಕಲ್!" ಎಂದಳು ಲವೀನಾ.

ಹಿಂದಿನ ಸೀಟಿನಲ್ಲಿ ಹೋಗಿ ಕುಳಿತೆ. ಲುಸೈಲಿನ ತನಕ ಎಂಜಿನ್ನೂ ಸದ್ದು ಮಾಡಲಿಲ್ಲ, ನಾನೂ ಮಾಡಲಿಲ್ಲ. ಎಂಜಿನ್ನಿಗೇನು, ಅದು ಸುಲಭ.